ಸುಧಾ ಎಂದಾಗ ನಾನು ಓಗೊಟ್ಟೆ

ಸುಧಾ, ಒಂಬತ್ತು ವರ್ಷದ ಹಿಂದೆ ಗ್ರೀಸ್ ಪ್ರವಾಸದ ಆ ಕೆಲಸ ನಿನಗೆ ಸಿಕ್ಕಿತ್ತು. ಬೇಡವೆಂದವಳು ನಾನು — ನಿನ್ನ ಹೆಸರಿನಲ್ಲಿ.

ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ಎಷ್ಟೋ ಸಲ ನೋಡಿದೆ. ಆಗಲಿಲ್ಲ.

ಆಗ ನಾನು ಇಲ್ಲಿನ ಎಸ್ಕಿಲ್‌ಸ್ಟುನಾ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ನೀನು ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಪುರಾಣದ ಅವಳಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಮೈಸೂರಿನಿಂದ ಈ ದೇಶಕ್ಕೆ ಮೊದಲು ಬಂದವಳು ನಾನು, ನಿನಗೆ ದಾರಿ ತೋರಿಸಿದವಳೂ ನಾನು. ಆದರೆ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಜನ ಸುತ್ತ ಕೂರುತ್ತಿದ್ದುದು ನಿನ್ನ ಮಾತು ಕೇಳಲು. ನನ್ನನ್ನು ಕೇಳುತ್ತಿದ್ದುದು ಒಂದೇ: "ನೀವು ಸುಧಾ ಅವ್ರ ಸಿಸ್ಟರ್ ಅಲ್ವಾ?" ಅವಳಿಗಳು ನಾವು, ಮುಖ ಒಂದೇ — ಆದರೂ.

ಒಂದು ಯುಗಾದಿ ಊಟದಲ್ಲಿ ನೀನು ಜೀಥಸ್, ಆಂಫಿಯಾನ್ ಎಂಬ ಅವಳಿಗಳ ಕತೆ ಹೇಳಿದೆ. ಥೀಬ್ಸ್ ನಗರದ ಕೋಟೆ ಕಟ್ಟುವಾಗ ಜೀಥಸ್ ಬೆನ್ನು ಬಾಗಿಸಿ ಬಂಡೆ ಹೊರುತ್ತಾನೆ. ಆಂಫಿಯಾನ್ ತಂತಿ ಮೀಟಿದರೆ ಸಾಕು, ಬಂಡೆಗಳು ತಾವೇ ನಡೆದು ಬರುತ್ತವೆ. ಹೇಳಿ ಮುಗಿಸಿ ನನ್ನ ಭುಜದ ಮೇಲೆ ಕೈಹಾಕಿ, "ನಮ್ಮಲ್ಲಿ ಬಂಡೆ ಹೊರೋಳು ಅಕ್ಕ," ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನದನ್ನು ಪ್ರೀತಿಯಿಂದಲೇ ಹೇಳಿದ್ದೆ, ಗೊತ್ತು. ಆದರೂ ಅಂದಿನಿಂದ ನೀನು ಕತೆ ಶುರುಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಆ ವಸಂತದಲ್ಲಿ ನೀನು ಇಂಗ್ರಿಡ್ ಎಂಬಾಕೆಗೆ ಅರ್ಜಿ ಹಾಕಿದ್ದೆ. ಆಕೆ ಅವಳಿಗಳನ್ನಷ್ಟೇ ಜೋಡಿ ಜೋಡಿಯಾಗಿ ಗ್ರೀಸಿಗೆ ಕರೆದೊಯ್ಯುತ್ತಿದ್ದಳು — ಅಪೋಲೋ, ಆರ್ಟೆಮಿಸ್ ಹುಟ್ಟಿದ ಡೀಲೋಸ್ ದ್ವೀಪಕ್ಕೆ, ಥೀಬ್ಸಿಗೆ, ಸ್ಪಾರ್ಟಾಕ್ಕೆ. ಜೊತೆಯಲ್ಲಿದ್ದು ಕತೆ ಹೇಳುವವರು ಬೇಕಿತ್ತು. ನಿನ್ನ ಸಂಶೋಧನೆಯ ಅವಧಿ ಮುಗಿಯುತ್ತಿತ್ತು, ಈ ಕೆಲಸ ಸಿಗದಿದ್ದರೆ ನೀನು ದೇಶ ಬಿಡಬೇಕಿತ್ತು. ಅದೂ ನನಗೆ ಗೊತ್ತಿತ್ತು.

ಒಂದು ಶುಕ್ರವಾರ ನಿನ್ನನ್ನು ನೋಡಲು ಬಂದು ವಿಶ್ವವಿದ್ಯಾಲಯದ ಕೆಫೆಯಲ್ಲಿ ಕಾಯುತ್ತಿದ್ದೆ. ನೀನಿನ್ನೂ ತರಗತಿಯಲ್ಲಿದ್ದೆ. ಬೆಳ್ಳಿಗೂದಲಿನ ಹೆಂಗಸೊಬ್ಬಳು ನೇರ ನನ್ನ ಮೇಜಿಗೆ ಬಂದು, "ನೀನು ಸುಧಾ ಅಲ್ವಾ? ನಾನು ಇಂಗ್ರಿಡ್. ಅರ್ಜಿಯಲ್ಲಿ ಫೋಟೋ ನೋಡಿದ್ದೆ," ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು," ಎಂದೆ.

ಒಂದು ಗಳಿಗೆ ನೀನಾಗಿ ಇರುವ ಆಸೆ, ಅಷ್ಟೇ — ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಆಕೆಯ ಮುಖ ಅರಳಿದ್ದು ನಿನಗಾಗಿ. ನನ್ನನ್ನು ನೋಡಿ ಯಾರ ಮುಖವೂ ಹಾಗೆ ಅರಳಿರಲಿಲ್ಲ.

"ನಾವು ನಿನ್ನನ್ನೇ ಆರಿಸಿದ್ದೇವೆ. ಎದುರಿಗೇ ಹೇಳೋಣ ಅಂತ ಬಂದೆ."

"ಕ್ಷಮಿಸಿ, ನನಗೆ ಬೇರೆ ಕೆಲಸ ಸಿಕ್ಕಿದೆ. ದಯವಿಟ್ಟು ಇನ್ನು ಬರೆಯಬೇಡಿ."

ಆಕೆ, "ಮೊದಲ ಪ್ರವಾಸಕ್ಕೆ ನಿನ್ನ ಅಕ್ಕನೂ ಬರಲಿ ಅಂತ ಕೇಳಿದ್ದೆಯಲ್ಲ, ಅವಳಿಗೂ ಒಂದು ಜಾಗ ಇಟ್ಟಿದ್ದೆವು," ಎಂದು ಹೊರಟಳು.

ಆಗಲಾದರೂ — ಬಾಗಿಲು ದೂರವೇ ಇತ್ತು, ಆಕೆ ನಿಧಾನವಾಗಿಯೇ ನಡೆಯುತ್ತಿದ್ದಳು. ನಾನು ಕೂಗಲಿಲ್ಲ. ಆಮೇಲೆ ನೀನು ಬಂದೆ. ನಾವು ಕಾಫಿ ಕುಡಿದೆವು.

ಮೂರು ವಾರ ಕಾದು ನೀನು ಫೋನಿನಲ್ಲಿ ಕೇಳಿದೆ: "ನಾನೇ ಒಂದ್ಸಲ ಕೇಳಿ ನೋಡ್ಲಾ ಅಕ್ಕ?"

"ಬೇಡ ಕಣೇ. ಬೇಕಾಗಿದ್ರೆ ಅವರೇ ಬರೀತಿದ್ರು. ಹಿಂದೆ ಬಿದ್ರೆ ಇಲ್ಲಿಯವರಿಗೆ ಹಿಡಿಸಲ್ಲ."

ಮೊದಲಿನದು ಬಾಯಿಗೆ ಬಂದ ಸುಳ್ಳು. ಇದು ಯೋಚಿಸಿ ಆಡಿದ್ದು.

ನೀನು ಮೈಸೂರಿಗೆ ಮರಳಿ ಶಾಲೆಯಲ್ಲಿ ಪಾಠ ಹೇಳತೊಡಗಿದೆ. ಸಂಶೋಧನೆಯ ಮಾತನ್ನೇ ಬಿಟ್ಟೆ. ನಿನ್ನ ಗೆಳತಿಯರೆಲ್ಲ ನನ್ನ ಹತ್ತಿರವೂ ನಿನ್ನನ್ನೇ ವಿಚಾರಿಸುತ್ತಿದ್ದರು. ನೀನು ಇಲ್ಲದಿದ್ದರೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ ಸುಧಾ. ನಾಚಿಕೆಯಾಗುತ್ತದೆ, ಆದರೆ ನಿಜ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿ, "ನಲವತ್ತು ತುಂಬತ್ತಲ್ಲ ಅಕ್ಕ, ಇಬ್ರೇ ಗ್ರೀಸಿಗೆ ಹೋಗ್ಬರೋಣ. ನಾನು ರಜಾ ಕೇಳಿದೀನಿ," ಎಂದೆ. ನಾನು ಹೂಂ ಎಂದೆ. ಫೋನಿಟ್ಟ ಮೇಲೆ ಈ ಪತ್ರ ಬರೆಯಲು ಕೂತೆ.

ನಿನ್ನ ಪಕ್ಕದಲ್ಲಿ ಏನೂ ತಿಳಿಯದವಳಂತೆ ಡೀಲೋಸ್ ದ್ವೀಪದಲ್ಲಿ ನಡೆಯಲು ನನಗಾಗದು. ಇಂಗ್ರಿಡ್‌ಗೂ ಇಂದು ಬೆಳಿಗ್ಗೆ ಬರೆದಿದ್ದೇನೆ: ಅಂದು ನಿಮ್ಮೆದುರು ಕೂತಿದ್ದವಳು ಸುಧಾ ಅಲ್ಲ, ಅವಳ ಅಕ್ಕ ಸುಮಾ ಎಂದು. ಅದರಿಂದ ಒಂಬತ್ತು ವರ್ಷ ವಾಪಸು ಬರುವುದಿಲ್ಲ.

ರಜೆ ರದ್ದು ಮಾಡಬೇಡ. ಒಬ್ಬಳೇ ಹೋಗಬೇಕೆನಿಸಿದರೆ ಹೋಗು. ಕ್ಷಮಿಸು ಎಂದು ಕೇಳುತ್ತಿಲ್ಲ — ಆ ಮಾತಿಗೂ ನೀನು ಉತ್ತರ ಕೊಡಬೇಕಾಗುತ್ತದೆ.