ಕೋಲಿನ ತುದಿಯ ಕರೆಂಟು

ನನ್ನ ತಮ್ಮನಿಗೆ ಬಾರದ ವಿದ್ಯೆಯೇ ಇಲ್ಲ. ಹರಿಹರದಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಆಟೋದ ಹಾರ್ನು ಕೆಟ್ಟರೆ ಅವನೇ, ಮನೆಯ ನಲ್ಲಿ ಸೋರಿದರೆ ಅವನೇ, ಗೋಡೆಗೆ ಸುಣ್ಣ ಬಳಿಯಲೂ ಅವನೇ. ಯಾರನ್ನಾದರೂ ಕರೆಸೋ ಎಂದರೆ, "ಅವರೇನು ಮ್ಯಾಲಿಂದ ಇಳಿದು ಬಂದಾರಾ?" ಎನ್ನುತ್ತಾನೆ. ಹೇಳಿ ಹೇಳಿ ನನ್ನ ಬಾಯಿ ಸವೆದದ್ದೇ ಬಂತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಂಥ ತಮ್ಮನಿದ್ದರೆ ಯಾರಿಗೆ ಬರುವುದಿಲ್ಲ?

ನಾನಿರುವುದು ದಾವಣಗೆರೆಯಲ್ಲಿ. ಕರೂರು ಕೈಗಾರಿಕಾ ಪ್ರದೇಶದ ಸಣ್ಣದೊಂದು ಕಾರ್ಖಾನೆಯಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗಳಿಗೆ ವೈರ್ ಜೋಡಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ವೈರ್ ಸುಲಿಯುವುದು, ತಿರುಚುವುದು, ಸ್ಕ್ರೂ ಬಿಗಿಯುವುದು. ಹೀಗಾಗಿ ಟೆಸ್ಟರು, ಕಟಿಂಗ್ ಪ್ಲೇಯರು ನನ್ನ ಬ್ಯಾಗಿನಲ್ಲಿ ಬಾಚಣಿಗೆಯ ಜೊತೆಗೇ ಬಿದ್ದಿರುತ್ತವೆ.

ಅವ್ವ ಹರಿಹರದಲ್ಲಿ ತಮ್ಮನ ಮನೆಯಲ್ಲಿದ್ದಳು. ಮೈಯಲ್ಲಿ ಕಸುವಿದ್ದಾಗ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಹೊಟ್ಟು ಉರಿಸಿದ ಹೊಗೆ ಕುಡಿದೂ ಕುಡಿದೂ ಎದೆ ಹಾಳಾಗಿ, ಕೊನೆಗೆ ಹಗಲೂ ರಾತ್ರಿ ಆಕ್ಸಿಜನ್ ಮಷೀನಿನ ನಳಿಕೆ ಮೂಗಿಗೆ ಬಂತು. ಅದು ಕರೆಂಟಿನ ಮೇಲೆ ನಡೆಯುವ ಮಷೀನು. ನಿಂತರೆ ಅವ್ವ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿದ್ದಳು, ಆಮೇಲೆ ತುಟಿ ನೀಲಿಗಟ್ಟುತ್ತಿತ್ತು. ಕರೆಂಟು ಹೋದಾಗ ಬೇಕಾಗುತ್ತದೆಂದು ಒಂದು ಸಣ್ಣ ಸಿಲಿಂಡರನ್ನು ಮೂಲೆಯಲ್ಲಿ ಇಟ್ಟಿದ್ದರು.

ಆ ಬೇಸಿಗೆಯಲ್ಲಿ ಅವ್ವ ದಿನದಿಂದ ದಿನಕ್ಕೆ ಸೊರಗತೊಡಗಿದಳು. ಡಾಕ್ಟರು ಮಾತ್ರೆ ಬದಲಿಸಿದರು, ಏನೂ ಗುಣ ಕಾಣಲಿಲ್ಲ. ತಮ್ಮನ ಹೆಂಡತಿ ಫೋನಿನಲ್ಲಿ, "ಅಡುಗೆ ಹೊತ್ತಿಗೆ ಅತ್ತಿ ಮುಖ ಬಾಡಿಬಿಡ್ತೈತೆ ಅಕ್ಕ. ಈ ಕರೆಂಟೂ ಹಂಗೇ, ಹೋಗಿ ಬಂದು ಮಾಡ್ತೈತೆ," ಎಂದಳು. ಹಿಂದಿನಿಂದ ತಮ್ಮ ಕರೆಂಟಿನವರ ವಂಶವನ್ನೆಲ್ಲ ಬೈಯುವುದು ಕೇಳಿಸುತ್ತಿತ್ತು.

ಭಾನುವಾರ ಬಸ್ಸು ಹತ್ತಿದೆ. ದಾರಿಯ ಬಾತಿ ಊರು ದಾಟುವವರೆಗೂ ಒಂದೇ ಯೋಚನೆ: ಅವ್ವ ಕೈ ಬಿಟ್ಟು ಹೋಗುತ್ತಿದ್ದಾಳೆ, ನಾನು ಬಾಳೆಹಣ್ಣು ತೆಗೆದುಕೊಂಡು ನೋಡಲು ಹೊರಟಿದ್ದೇನೆ.

ಮನೆಯೊಳಗೆ ಕಾಲಿಟ್ಟ ಕೂಡಲೇ ಸುಟ್ಟ ವಾಸನೆ ಬಡಿಯಿತು. ಸಾರಿನ ಒಗ್ಗರಣೆ ಸೀದಿರಬೇಕು ಎಂದುಕೊಂಡೆ. ಅವ್ವನ ಮಂಚ ಮುಂದಿನ ಕೋಣೆಯಲ್ಲಿ, ಬಾಗಿಲ ಗಾಳಿ ತಾಗುವ ಹಾಗೆ, ಮೀಟರು ಮತ್ತು ಮೇನ್ ಸ್ವಿಚ್ ಇರುವ ಗೋಡೆಗೆ ಆನಿಸಿ ಹಾಕಿತ್ತು. ಪಕ್ಕದಲ್ಲಿ ಕೂತು ಹಣ್ಣು ಸುಲಿಯತೊಡಗಿದೆ. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಮಿಕ್ಸಿ ಹಾಕಿದಳು. ಅಷ್ಟೇ, ಫ್ಯಾನು ನಿಂತಿತು. ಮಷೀನು ಪೀಂ ಎಂದು ಕೂಗಿಕೊಂಡಿತು.

"ಭಾನುವಾರನೂ ಬಿಡಂಗಿಲ್ಲ ನೋಡು ಇವರು!" ತಮ್ಮ ಹಿತ್ತಲಿನಿಂದಲೇ ಅರಚಿದ.

ಆದರೆ ಎದುರಿನ ಹಿಟ್ಟಿನ ಗಿರಣಿ ಗರಗರ ತಿರುಗುತ್ತಲೇ ಇತ್ತು. ಬೀದಿಗೆಲ್ಲ ಇರುವ ಕರೆಂಟು ಈ ಮನೆಗೆ ಮಾತ್ರ ಯಾಕಿಲ್ಲ? ಹಾಗೆಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕಣ್ಣು ಮುಚ್ಚಿಕೊಂಡೇ ಪಕ್ಕದ ಊರುಗೋಲು ತೆಗೆದುಕೊಂಡಳು. ತಲೆಯ ಹಿಂದಕ್ಕೆ ಚಾಚಿ ಗೋಡೆಯ ಸಂದಿಯಲ್ಲಿ ಏನನ್ನೋ ಒತ್ತಿದಳು. ಚಟ್ ಎಂದು ಕಿಡಿ ಹಾರಿತು. ಫ್ಯಾನು ತಿರುಗಿತು, ಮಷೀನು ಗುಂಯ್‌ಗುಟ್ಟಿತು. ಅವ್ವ ಕೋಲನ್ನು ಮೊದಲಿನ ಜಾಗದಲ್ಲೇ ಇಟ್ಟು ಉಸಿರೆಳೆದುಕೊಂಡಳು.

ಬಗ್ಗಿ ನೋಡಿದೆ. ಮಂಚಕ್ಕೆ ಜಾಗ ಮಾಡಲೆಂದು ತಮ್ಮ ಮೇನ್ ಸ್ವಿಚ್ಚನ್ನು ಮೇಲಕ್ಕೆ ಏರಿಸಿದ್ದ. ಇಡೀ ಮನೆಗೆ ಹೋಗುವ ವೈರು ಗೇಣುದ್ದ ಸಾಲದೆ ಬಂದಿರಬೇಕು. ಆಟೋದ ತೆಳ್ಳನೆಯ ವೈರಿನ ತುಂಡುಗಳನ್ನು ನಡುವೆ ಸೇರಿಸಿ, ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಸುತ್ತಿಬಿಟ್ಟಿದ್ದ. ಮೇಲಿನ ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ಎರಡು ವೈರಿನ ಬತ್ತಲೆ ಜಾಯಿಂಟುಗಳು ಒಂದಕ್ಕೊಂದು ಮುಖ ಕೊಟ್ಟುಕೊಂಡು, ಕರ್ರಗೆ ಸುಟ್ಟು, ಅವ್ವನ ದಿಂಬಿನ ಪಕ್ಕದಲ್ಲೇ ತೂಗುತ್ತಿದ್ದವು. ಒಂದು ಕಡೆ ಆಕ್ಸಿಜನ್ ನಳಿಕೆ, ಇನ್ನೊಂದು ಕಡೆ ಕಿಡಿ. ಹಾಸಿಗೆಗೆ ಬೆಂಕಿ ತಗುಲಿದ್ದರೆ ಆರಿಸುವುದಕ್ಕೂ ಹೊತ್ತು ಸಿಗುತ್ತಿರಲಿಲ್ಲ.

"ಅವ್ವಾ, ಇದು ಎಂದಿಂದ?"

ಅವ್ವ ಕಣ್ಣು ತೆರೆಯಲಿಲ್ಲ. "ಹೋದ್ರೆ ಒಂದೀಟು ಒತ್ತಿದ್ರೆ ಬರ್ತೈತೆ ಬಿಡು," ಎಂದಳು.

ದಿನಾ ಅಡುಗೆ ಹೊತ್ತಿಗೆ ಮುಖ ಬಾಡುತ್ತಿದ್ದದ್ದು ಇದಕ್ಕೆ. ಮಿಕ್ಸಿಯೋ ಇಸ್ತ್ರಿ ಪೆಟ್ಟಿಗೆಯೋ ಹಾಕಿದಾಗಲೆಲ್ಲ ಜಾಯಿಂಟು ಕಾದು ಕೈಕೊಡುತ್ತಿತ್ತು. ಎಚ್ಚರವಿದ್ದರೆ ಕೋಲಿನಿಂದ ಒತ್ತುತ್ತಿದ್ದಳು. ನಿದ್ದೆ ಹತ್ತಿದ್ದರೆ, ಮಷೀನಿನ ಕೂಗು ಯಾರಾದರೂ ಕೇಳಿಸಿಕೊಂಡು ಬಂದರೆ ಉಂಟು. ಮನೆಯವರೆಲ್ಲ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಕರೆಂಟಿನವರನ್ನು ಬೈಯುತ್ತ ಕೂತಿದ್ದರು.

"ಲೇ, ಬಾರೋ ಇಲ್ಲಿ!" ಎಂದು ನಾನು ಕೂಗಿದ ಕೂಗಿಗೆ ಗಿರಣಿಯವನೂ ಇಣುಕಿದ.

ತಮ್ಮ ಬಂದವನೇ ಬಗ್ಗಿ ನೋಡಿ, "ಅಯ್ಯ, ಇಷ್ಟೇನಾ? ಸಡ್ಲ ಆಗೈತೆ, ಈಗ ಬಿಗಿ ಮಾಡ್ತೀನಿ," ಎಂದು ಬರಿಗೈಯನ್ನೇ ಸಂದಿಗೆ ಹಾಕಿದ. ಆಟೋದ ಬ್ಯಾಟರಿ ವೈರು ಮುಟ್ಟಿದರೆ ಏನೂ ಆಗುವುದಿಲ್ಲವಲ್ಲ, ಆ ಕೈಗೆ ಅದೇ ರೂಢಿ. ಅವ್ವ "ಬ್ಯಾಡಾ!" ಎಂದು ಚೀರಿದಳು. ಅಷ್ಟು ಉಸಿರು ಆ ಎದೆಯಲ್ಲಿ ಎಲ್ಲಿತ್ತೋ! ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ.

"ಕೈ ಇಟ್ಟೀ ಅಂದ್ರೆ ಮುರಿದು ಕೈಗೆ ಕೊಡ್ತೀನಿ. ಸಿಲಿಂಡರ್ ತಗಂಡು ಬಾ."

ಸಿಲಿಂಡರ್ ತಂದ. ಅದರ ಮುಳ್ಳು ಕೆಂಪು ಗೆರೆಯ ಮೇಲೆ ನಿಂತಿತ್ತು, ಒಳಗೆ ಕೆಲವೇ ನಿಮಿಷದ ಆಕ್ಸಿಜನ್. "ನಾಳೆ ತುಂಬಿಸಣ ಅಂತಿದ್ದೆ," ಎಂದ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಎದುರಿನ ಗಿರಣಿಯಲ್ಲಿ ಮಷೀನು ಹಾಕಿ ಕೂರಿಸೋಣವೆಂದರೆ ಹಿಟ್ಟಿನ ದೂಳು, ಅವ್ವನ ಎದೆಗೆ ಅದೇ ವಿಷ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯೋಣವೆಂದರೆ ದಾರಿಗೂ ಸಾಲದ ಅದೇ ಸಿಲಿಂಡರು. ಜಾಯಿಂಟು ಸರಿಮಾಡಬೇಕು, ಮಾಡಲು ಇಡೀ ಮನೆಯ ಕರೆಂಟು ತೆಗೆಯಬೇಕು, ತೆಗೆದರೆ ಮಷೀನು ನಿಲ್ಲುತ್ತದೆ. ಬೇರೆ ದಾರಿ ಕಾಣಲಿಲ್ಲ.

ತಮ್ಮನನ್ನು ದಪ್ಪ ವೈರು, ಒಳ್ಳೆಯ ಟೇಪು ತರಲು ಓಡಿಸಿದೆ. ತಮ್ಮನ ಹೆಂಡತಿಗೆ ಫ್ರಿಜ್ಜು, ಮಿಕ್ಸಿ ಎಲ್ಲ ಬಂದ್ ಮಾಡಲು ಹೇಳಿದೆ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದೆವು. ಅವನು ಬರುವವರೆಗೆ ಮಷೀನು ನಡೆಯಬೇಕಲ್ಲ, ಅವ್ವನ ಕೋಲು ಹಿಡಿದು ನಾನೇ ಜಾಯಿಂಟನ್ನು ಒತ್ತಿಕೊಂಡು ನಿಂತೆ. ಒಣ ಮರದ ಕೋಲು, ಆದರೂ ಅಂಗೈ ಬೆವೆತು ಜಾರುತ್ತಿತ್ತು. ಒಳಗೆ ಸಣ್ಣಗೆ ಚಿಟಿಚಿಟಿ ಸದ್ದು. ಇಷ್ಟು ದಿನ ಇದನ್ನು ಅವ್ವ ಒಬ್ಬಳೇ ಕೇಳುತ್ತ ಮಲಗಿದ್ದಳು.

ತಮ್ಮ ಬಂದ. ಸಿಲಿಂಡರಿನ ನಳಿಕೆಯನ್ನು ಅವ್ವನ ಮೂಗಿಗೆ ಕೂರಿಸಿದೆವು. ಜಾಯಿಂಟಿಗೆ ಟೆಸ್ಟರು ಮುಟ್ಟಿಸಿ, ಅದರ ದೀಪ ಹೊತ್ತುತ್ತದೆ, ಸುಳ್ಳು ಹೇಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಮೇನ್ ಸ್ವಿಚ್ ಇಳಿಸಿದೆ. ಮೀಟರಿನ ಪಕ್ಕದ ಫ್ಯೂಜ್ ಕಿತ್ತು ರವಿಕೆಯೊಳಗೆ ಸೇರಿಸಿದೆ. ಅದು ನನ್ನ ಮೈಮೇಲೆ ಇರುವವರೆಗೆ ಗಡಿಬಿಡಿಯಲ್ಲಿ ಯಾರೂ ವಾಪಸ್ ಹಾಕುವಂತಿಲ್ಲ. ಮತ್ತೆ ಟೆಸ್ಟರು ಮುಟ್ಟಿಸಿದೆ, ಎರಡೂ ವೈರಿಗೆ. ಹೊತ್ತಲಿಲ್ಲ.

"ಫ್ಯೂಜ್ ತೆಗೆದಿಯಾ?" ಅವ್ವ ಕೇಳಿದಳು.

"ತೆಗೆದೀನಿ. ಮಾತಾಡಬ್ಯಾಡ."

ಆಟೋದ ತುಂಡುಗಳನ್ನು ಕತ್ತರಿಸಿ ಎಸೆದೆ. ಹಳೆಯ ವೈರಿನ ತುದಿ ಒಳಗೊಳಗೇ ಕಪ್ಪಾಗಿತ್ತು. ತಾಮ್ರ ಹೊಳೆಯುವವರೆಗೆ ಹಿಂದೆ ಹಿಂದೆ ಕತ್ತರಿಸುತ್ತ ಹೋದೆ. ಹೊಸ ವೈರನ್ನು ಮೇನ್ ಸ್ವಿಚ್ಚಿನ ಸ್ಕ್ರೂಗೆ ಬಿಗಿದೆ. ಇನ್ನು ಎರಡು ಜಾಯಿಂಟು. ಎರಡೂ ಎದುರುಬದುರು ಬರದ ಹಾಗೆ ಒಂದು ವೈರನ್ನು ಗಿಡ್ಡ, ಇನ್ನೊಂದನ್ನು ಉದ್ದ ಇಟ್ಟೆ. ಎರಡು ತುದಿಗಳನ್ನು ಅಡ್ಡಡ್ಡ ಇಟ್ಟು, ಇದರ ಕತ್ತಿಗೆ ಅದನ್ನು, ಅದರ ಕತ್ತಿಗೆ ಇದನ್ನು ಒತ್ತೊತ್ತಾಗಿ ಸುತ್ತಿ ಪ್ಲೇಯರಿನಿಂದ ಹಿಂಡಿದೆ. ಜಗ್ಗಿದೆ. ಬರಲಿಲ್ಲ. ಟೇಪನ್ನು ಎಳೆದೆಳೆದು, ಸುತ್ತಿನ ಮೇಲೆ ಅರ್ಧ ಸುತ್ತು ಬರುವ ಹಾಗೆ ಸುತ್ತಿದೆ. ಕಾರ್ಖಾನೆಯಲ್ಲಿ ಹರಟೆ ಹೊಡೆಯುತ್ತ ಮಾಡುವ ಕೆಲಸ. ಇಲ್ಲಿ ಒಂದೊಂದು ಸುತ್ತನ್ನೂ ಎಣಿಸಿ ಹಾಕಿದೆ.

"ಫ್ಯೂಜ್... ತೆಗೆದಿಯಾ?" ಮತ್ತೆ ಅವ್ವ.

"ಎಷ್ಟು ಸಲ ಹೇಳ್ಲಿ ನಿನಗೆ? ಸುಮ್ನಿರವ್ವ!" ಎಂದು ಗದರಿದೆ.

ಎರಡನೆಯ ವೈರು ಕೈಗೆ ತೆಗೆದುಕೊಂಡಾಗ ಸಿಲಿಂಡರಿನ ಸುಂಯ್ ಸದ್ದು ನಿಂತಿತು. ತಮ್ಮನ ಹೆಂಡತಿ ಅವ್ವನ ಬೆರಳಿಗೆ ಸಿಕ್ಕಿಸಿದ, ಆಕ್ಸಿಜನ್ ಅಳೆಯುವ ಮಷೀನನ್ನು ನೋಡುತ್ತ, "ಅಕ್ಕ, ಇಳಿಯಾಕ ಹತ್ತೈತೆ. ಇಳಿಯಾಕ ಹತ್ತೈತೆ ಅಕ್ಕ!" ಎಂದಳು. ಅವ್ವನ ಹೆಗಲು ಏರಿಳಿಯತೊಡಗಿತು, ಬಾಯಿ ತೆರೆದುಕೊಂಡಿತು.

"ಸಾಕು ಬಿಡಕ್ಕ! ಹಂಗೇ ಸಿಕ್ಕಿಸಿ ಫ್ಯೂಜ್ ಹಾಕು, ಆಮ್ಯಾಲೆ ನೋಡ್ಕಂಡ್ರಾತು!" ತಮ್ಮ ನನ್ನ ತೋಳು ಹಿಡಿದ.

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಒಂದು ಕೊಕ್ಕೆ, ಒಂದು ತಿರುವು, ಮಷೀನು ನಡೆಯುತ್ತದೆ. ಆದರೆ ಆ 'ಆಮ್ಯಾಲೆ' ತಾನೇ ದಿಂಬಿನ ಪಕ್ಕ ಕರ್ರಗೆ ಸುಟ್ಟು ತೂಗುತ್ತಿದ್ದದ್ದು! ಇವತ್ತು ಹಾಗೆ ಬಿಟ್ಟರೆ ಸಂಜೆ ಬಸ್ಸು ಹತ್ತಲು ನನ್ನ ಕಾಲು ಬರುವುದಿಲ್ಲ. ತೋಳು ಕೊಡವಿದೆ. ಸುತ್ತಿದೆ, ಹಿಂಡಿದೆ, ಜಗ್ಗಿದೆ. ಜಗ್ಗಿದಾಗ ಒಂದೆಳೆ ಸಡಿಲವೆನಿಸಿತು. ದೇವರೇ ಎಂದುಕೊಂಡು ಬಿಚ್ಚಿ ಮತ್ತೆ ಸುತ್ತಿದೆ. ಹಿಂದಿನಿಂದ ಅವ್ವನ ಉಸಿರು ಗರಗಸ ಎಳೆದ ಹಾಗೆ ಕೇಳುತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ಕೈ ನಿಲ್ಲುತ್ತದೆಂದು ಗೊತ್ತಿತ್ತು. ಟೇಪು ಸುತ್ತಿ ಮುಗಿಸಿ, ರವಿಕೆಯಿಂದ ಫ್ಯೂಜ್ ತೆಗೆದು ಹಾಕಿ, ಮೇನ್ ಸ್ವಿಚ್ ಎತ್ತಿದೆ.

ಮಷೀನು ಒಮ್ಮೆ ಕೂಗಿ ಗುಂಯ್‌ಗುಟ್ಟಿತು. ತಮ್ಮನ ಹೆಂಡತಿ ನಳಿಕೆ ಬದಲಿಸಿದಳು. ಬೆರಳಿನ ಮಷೀನಿನ ಅಂಕಿ ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಒಂದು ಏರಿತು. ಇನ್ನೊಂದು ಏರಿತು. ಮಿಕ್ಸಿ ಹಾಕು ಎಂದು ತಮ್ಮನ ಹೆಂಡತಿಗೆ ಹೇಳಿದೆ. ಹಾಕಿದಳು. ಫ್ಯಾನು ನಿಲ್ಲಲಿಲ್ಲ.

ಆಗ ನನ್ನ ಕೋಪ ಮತ್ತೆ ಮೇಲೆದ್ದಿತು. ಅವ್ವನ ತುಟಿಗೆ ಬಣ್ಣ ಬಂದದ್ದನ್ನು ನೋಡಿಯೇ ಬಾಯಿ ಬಿಟ್ಟೆ. "ಇಷ್ಟು ದಿನ ಉಸಿರು ಕಟ್ಕೊಂಡು ಬಿದ್ದಿದ್ಯಲ್ಲ, ಒಂದು ಮಾತು ಹೇಳಾಕ ನಿನಗೇನಾಗಿತ್ತು? ಸತ್ತಿದ್ರೆ?"

ಅವ್ವ ತಮ್ಮನ ಕಡೆ ನೋಡಿದಳು. ನಿಧಾನವಾಗಿ, ಎರಡು ಮಾತಿಗೊಮ್ಮೆ ಉಸಿರೆಳೆದುಕೊಂಡು ಹೇಳಿದಳು. "ಅವತ್ತು ಇವನು... ಇದನ್ನ ಜೋಡಿಸ್ವಾಗ... ಫ್ಯೂಜ್ ತೆಗೀಲಿಲ್ಲ. ಬರಿಗಾಲಾಗೆ ನಿಂತಿದ್ದ. ನನಗ ಕೂಗಾಕ ದನಿ ಬರಲಿಲ್ಲ. ಸಡ್ಲ ಆಗೈತಿ ಅಂತ ಹೇಳಿದ್ರೆ... ಮತ್ತೆ ಕೈ ಹಾಕ್ತಿದ್ದ."

"ನಂದು ಹೆಂಗೂ ಮಷೀನಿನ ಉಸಿರು," ಎಂದಳು ಅವ್ವ. "ಅವಂದು ಹಂಗಲ್ಲ."

ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಾನು ಟೆಸ್ಟರು, ಪ್ಲೇಯರು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಅವ್ವ ಬಾ ಎಂದು ಕೈ ಮಾಡಿ ಕರೆದಳು. ಅವನು ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತಾಗ ಅವನ ಎರಡೂ ಕೈ ಹಿಡಿದುಕೊಂಡು, ಅಂಗೈ ಮೇಲು ಮಾಡಿ, ಬೆಳಕಿಗೆ ತಿರುಗಿಸಿ ಒಂದೊಂದೇ ಬೆರಳನ್ನು ನೋಡತೊಡಗಿದಳು. ಎಲ್ಲಿಯೂ ಸುಟ್ಟ ಗುರುತು ಇಲ್ಲವೆಂದು ಗೊತ್ತಾಗುವವರೆಗೆ ಬಿಡಲಿಲ್ಲ.