ಹಿಮದ ಮೇಲೆ ಕಣ್ಣಿಟ್ಟ ಕಿನುಯೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಪಾನಿನ ನಿಗಾತಾ ಬೆಟ್ಟಗಳ ನಡುವಿನ ತೊಚಿಮಾತಾ ಊರಿನ ಹಿಂದೆ ಹೋಶಿನೊ ಕಿನುಯೆ ಎದೆಯೆತ್ತರದ ಗುಂಡಿ ತೋಡಿ ಅದರೊಳಗೆ ಮಂಡಿಯೂರಿದ್ದಾರೆ. ಮೂರು ದಿನ ಬಿಟ್ಟೂಬಿಡದೆ ಸುರಿದ ಹಿಮ ರಾತ್ರಿಯಷ್ಟೇ ನಿಂತಿದೆ. ಗುಂಡಿಯ ಗೋಡೆಯಿಂದ ಕಂಬದಂಥ ತುಂಡೊಂದನ್ನು ಬಿಡಿಸಿ, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು, ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ ತಟ್ಟುತ್ತಾರೆ. ಮೇಲಿನ ಅರ್ಧ ಸರ್ರನೆ ಜಾರಿ ಮಡಿಲಿಗೆ ಬೀಳುತ್ತದೆ. ಅದರಡಿಯ ಹಳೆಯ ಹಿಮ ಹರಳುಪ್ಪಿನಂತೆ, ಒಂದಕ್ಕೊಂದು ಅಂಟುವುದೇ ಇಲ್ಲ; ಮೇಲಿನ ಹೊಸ ಹಿಮಕ್ಕೆ ಹಿಡಿತವೇ ಇಲ್ಲ.

"ಅಯ್ಯೋ, ಇಷ್ಟಕ್ಕೇ ಬಂದ್ಬಿಟ್ಯಾ!" ಎಂದು ಅವರು ಹಿಮವನ್ನೇ ಗದರುತ್ತಾರೆ.

ಅರವತ್ತು ದಾಟಿದ ಕಿನುಯೆ ಹಿಮಕುಸಿತದ ಕಾವಲುಗಾರ್ತಿ. ರಸ್ತೆಯ ಹಿಮ ತೆಗೆಯುವವರು ಕೆಳಗೆ ಕೆಲಸ ಮಾಡುವಷ್ಟು ಹೊತ್ತೂ ಬಾಯಲ್ಲಿ ಸೀಟಿ ಕಚ್ಚಿಕೊಂಡು ಮೇಲಿನ ಇಳಿಜಾರನ್ನು ನೋಡುತ್ತ ನಿಲ್ಲಬೇಕು. ಕೂರುವಂತಿಲ್ಲ, ಹರಟುವಂತಿಲ್ಲ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೇನೂ ಕಡಿಮೆಯಿಲ್ಲ. ಹಿಮದ ಮೇಲೆ ಕಾಲಿಡುವುದನ್ನು ಕರಡಿ ಬೇಟೆಗಾರನಾಗಿದ್ದ ಅಪ್ಪನಿಂದ ಕಲಿತರು. ಎಷ್ಟೋ ಚಳಿಗಾಲ ನಿಂತು ನಿಂತು ಮಂಡಿ ಸವೆದಿದೆ, ಕುತ್ತಿಗೆ ಹಿಡಿದುಕೊಂಡಿದೆ. "ಊಟಕ್ಕೆ ಕೂತ್ರೂ ಸೂರು ನೋಡ್ತಾಳೆ ಕಣ್ರೀ, ಅದೂ ಜಾರಿ ಬೀಳುತ್ತೇನೋ ಅಂತ," ಎಂದು ಗಂಡ ಯೋಶಿರೊ ಛೇಡಿಸುತ್ತಾರೆ.

ಇವತ್ತಿನ ಚಿಂತೆ ಮಾತ್ರ ಬೇರೆ. ಬಿಸಿನೀರ ಬುಗ್ಗೆಯ ವಸತಿಗೃಹದ ತೊಮಿ ಅಜ್ಜಿಗೆ ಡಯಾಲಿಸಿಸ್ ಆಗಬೇಕು. ಬಿರುಗಾಳಿಯಿಂದಾಗಿ ಒಂದು ಸರದಿ ತಪ್ಪಿ, ಕಾಲು ಊದಿಕೊಂಡಿದೆ, ಉಸಿರು ಭಾರವಾಗಿದೆ. ಶಿಖರದಲ್ಲಿ ಗಾಳಿ ಇನ್ನೂ ಹಿಮ ಹಾರಿಸುತ್ತಿರುವುದರಿಂದ ಹೆಲಿಕಾಪ್ಟರ್ ಬರುವಂತಿಲ್ಲ. ಆಂಬುಲೆನ್ಸ್ ಕಣಿವೆಯಾಚೆ ಕಾಯುತ್ತಿದೆ. ಹಿಮ ತುಂಬಿದ ರಸ್ತೆಯಲ್ಲೇ ನಡೆದರೆ ಬೇಗ ತಲುಪಬಹುದು, ಆದರೆ ಅದು ಬೋಳು ಇಳಿಜಾರಿನ ಬುಡದಲ್ಲೇ ಹಾಯುತ್ತದೆ. ಬೆಟ್ಟದ ಬೆನ್ನೇರಿ ಹಿಮವನ್ನು ಹಿಡಿದು ನಿಲ್ಲಿಸುವ ಬುನಾ ಮರಗಳ ಹಳೆಯ ಕಾಡಿನೊಳಗೆ ಹೋದರೆ ತಲುಪುವಾಗ ಮಧ್ಯಾಹ್ನ ದಾಟುತ್ತದೆ.

"ಆಕಾಶ ನೋಡಿ ಅಕ್ಕ, ಎಷ್ಟು ತಿಳಿಯಾಗಿದೆ! ರಸ್ತೇಲೇ ಹೋಗ್ಬಿಡೋಣ," ಎನ್ನುತ್ತಾರೆ ಅಜ್ಜಿಯ ಮಗ ಶುಹೇಯಿ.

"ಅದಕ್ಕೇ ಕಣಪ್ಪ ಭಯ. ಬಿಸಿಲು ಬಿದ್ರೆ ಮೇಲಿಂದು ಇನ್ನೂ ಸಡಿಲ ಆಗುತ್ತೆ. ಕಾಡಲ್ಲೇ ಹೋಗೋಣ."

"ಅಷ್ಟೊತ್ತು ಅಮ್ಮ ತಡೀತಾಳಾ? ದಾರೀಲಿ ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

"ಬೈಯಪ್ಪ, ಬೈಸ್ಕೊಳ್ಳೋಕೆ ನಂಗೇನು ಕಷ್ಟ? ಮೊದ್ಲು ಜಾರುಬಂಡಿ ತಾ."

ಹಾಗೆಂದರೂ ಕಿನುಯೆಗೆ ಗೊತ್ತು: ದಾರಿಯಲ್ಲಿ ಅಜ್ಜಿಯ ಉಸಿರು ನಿಂತರೆ ತಾನೇ ಕೊಂದಂತೆ.

ಹಿಮದಡಿ ಸಿಕ್ಕವರ ಸುಳಿವು ಕೊಡುವ ಪುಟ್ಟ ಯಂತ್ರವನ್ನು ಎಲ್ಲರ ಎದೆಗೂ ಕಟ್ಟಿಸಿ, ಒಂದೊಂದರ ಸದ್ದನ್ನೂ ಕೇಳಿ ನೋಡಿಯೇ ಹೊರಡಿಸುತ್ತಾರೆ. ಯೋಶಿರೊ, ಶುಹೇಯಿ ಇಬ್ಬರೂ ಜಾರುಬಂಡಿ ಎಳೆಯುತ್ತಾರೆ. ಕಂಬಳಿಗಳೊಳಗಿಂದ ಅಜ್ಜಿಯ ಕ್ಷೀಣ ದನಿ: "ಮದ್ವೆ ದಿನಾನೂ ನನ್ನನ್ನ ಇಷ್ಟು ಜೋಪಾನವಾಗಿ ಕರ್ಕೊಂಡು ಬಂದಿರ್ಲಿಲ್ಲ ಕಣೇ ಕಿನು."

ಕಾಡಿನ ನಡುವೆ, ಹಿಂದೆ ಹಿಮ ಜಾರಿ ಮರಗಳೇ ಇಲ್ಲವಾದ ಒಂದು ಪಟ್ಟಿ ಸಿಗುತ್ತದೆ. ಅಲ್ಲಿ ಗುಂಪಾಗಿ ಹೋಗುವಂತಿಲ್ಲ. ಮೊದಲು ಯೋಶಿರೊ ಒಬ್ಬರೇ ದಾಟುತ್ತಾರೆ. ಆಮೇಲೆ ಶುಹೇಯಿ, ಹಿಂದೆ ಜಾರುಬಂಡಿಯಲ್ಲಿ ಅಮ್ಮ. ನಡುವೆ ಕಂಬಳಿ ಜಾರಿತೆಂದು ಶುಹೇಯಿ ಬಗ್ಗಿದ್ದೇ ತಡ, ನಿಲ್ಲಬೇಡವೆಂದು ಕಿನುಯೆಯ ಸೀಟಿ ಕಾಡೆಲ್ಲ ಕೇಳುತ್ತದೆ. ಶುಹೇಯಿ ಕಂಬಳಿ ಬಿಟ್ಟು ಹಗ್ಗ ಎಳೆಯುತ್ತಾರೆ. ಕೊನೆಗೆ ಕಿನುಯೆ ದಾಟುವಾಗ ಆಚೆಯಿಂದ ಮೇಲೆ ನೋಡುತ್ತ ನಿಲ್ಲುವ ಸರದಿ ಯೋಶಿರೊ ಅವರದು. ಆಗ ಅವರು ತಮಾಷೆ ಮಾಡುವುದಿಲ್ಲ.

ಆಂಬುಲೆನ್ಸ್ ಮುಟ್ಟುವಾಗ ಅಜ್ಜಿಯ ತುಟಿ ನೀಲಿಗಟ್ಟಿದೆ. ಬಾಗಿಲು ಮುಚ್ಚುತ್ತಲೇ ಕಿನುಯೆ ರಸ್ತೆಬದಿಯಲ್ಲಿ ಕುಸಿದು ಕೂತು ಅಳುತ್ತಾರೆ.

ಅಜ್ಜಿ ಉಳಿದುಕೊಂಡಿದ್ದಾರೆ. ವಾರದ ನಂತರ, ತೆರವಾದ ರಸ್ತೆಯಲ್ಲಿ ಮಗನ ಜೊತೆ ಕಾರಿನಲ್ಲೇ ಊರಿಗೆ ಬರುತ್ತಾರೆ. ಆ ಇಳಿಜಾರಿನ ಹಿಮ ಮಾತ್ರ ಇನ್ನೂ ಕದಲಿಲ್ಲ, ಚಳಿಗೆ ಬಿಗಿದು ಗಟ್ಟಿಯಾಗಿದೆ. ವಸತಿಗೃಹದ ಒಲೆಯ ಸುತ್ತ ಕೂತವರಿಗೆ ಅದೇ ನಗೆ.

"ನಿನ್ನ ಹಿಮ ಎಲ್ಲೇ ಬಿತ್ತು? ಸುಮ್ಸುಮ್ನೆ ಕಾಡೆಲ್ಲ ಸುತ್ತಿಸಿದ್ಯಲ್ಲ ನನ್ನ!" ಎಂದು ಅಜ್ಜಿಯೂ ಸೇರಿಕೊಳ್ಳುತ್ತಾರೆ. ಶುಹೇಯಿ ಒಬ್ಬರೇ ನಗದೆ ತಲೆ ತಗ್ಗಿಸುತ್ತಾರೆ.

ಹೆಚ್ಚು ನೀರು ಕುಡಿಯಬಾರದ ಅಜ್ಜಿಯ ಲೋಟಕ್ಕೆ ಕಿನುಯೆ ಅಳೆದು ಒಂದೇ ಗುಟುಕು ಚಹಾ ಬಗ್ಗಿಸುತ್ತಾರೆ.

"ಬೀಳ್ಲಿಲ್ಲ ದೊಡ್ಡಮ್ಮ, ನಾನೇ ಸೋತೆ. ನೀವೆಲ್ಲ ಇಲ್ಲೇ ಕೂತು ನಗ್ತಿದ್ದೀರಲ್ಲ, ನಂಗಷ್ಟು ಸಾಕು."