ಬೆತ್ತದ ಕುರ್ಚಿ ಮಾಡಿಸಿದ್ದು

ಎಂಬತ್ತರ ದಶಕದಲ್ಲಿ ನ್ಯಾಮತಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅಜ್ಜನ ಕಾಲದ ಥರದ ಬೆತ್ತದ ಕುರ್ಚಿಯೇ ಬೇಕೆಂಬ ಹುಚ್ಚು ನನಗೆ. ಅಂಗಡಿಗಳಲ್ಲಿ ಬರೀ ಕಬ್ಬಿಣದ ಮಡಚುವ ಕುರ್ಚಿಗಳು. ಕೊನೆಗೆ ಹೊನ್ನಾಳಿಯ ಬಡಗಿಯೊಬ್ಬರಿಗೆ ಹೇಳಿ ಮಾಡಿಸಿದೆ.

ತರಲು ಹೋದರೆ ಸಾಗುವಾನಿ ಮರ, ಬಾಗಿದ ಕೈ, ಎಲ್ಲ ಹೇಳಿದಂತೆಯೇ ಇತ್ತು. ಕೂರುವ ಜಾಗದಲ್ಲಿ ಮಾತ್ರ ಕೆಂಪು ಪ್ಲಾಸ್ಟಿಕ್ ವೈರಿನ ಹೆಣಿಗೆ, ನಡುವೆ ಎರಡು ಹಸಿರು ಗಿಳಿ!

“ಬೆತ್ತ ಹಾಕ್ರಿ ಅಂದಿದ್ದೆನಲ್ರೀ?”

ಬಡಗಿ ತಲೆ ಕೆರೆದುಕೊಂಡರು. ಅವರ ಹೆಂಡತಿ ನಗುತ್ತಾ ಒಳಗಿಂದ ಬಂದರು. “ನಾನೇ ಹೆಣೆದಿದ್ದು ಸಿಸ್ಟರ್. ಬೆತ್ತ ಈಗ ಯಾರ್ ಕೇಳ್ತಾರ್ರೀ? ನೌಕರಿ ಮಾಡೋರ ಮನೇಲಿ ಹಳೇದು ಚೆಂದ ಕಾಣಾಕಿಲ್ಲ.”

“ಇದನ್ನ ಬಿಚ್ಚಿಸಿ” ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿ, “ಮೊದಲು ನೀವೇ ಕುಂದ್ರಿ, ಹೆಂಗೈತೆ ಹೇಳ್ರಿ” ಅಂದರು. ಕುಂಕುಮ ಹಚ್ಚಿದ್ದನ್ನು ಬೇಡ ಅನ್ನುವುದು ಹೇಗೆ? ಕೂತೆ. ಸುಖವಾಗಿಯೇ ಇತ್ತು, ಹಾಳಾದ್ದು.

ಇವತ್ತಿಗೂ ಚಹಾ ಕುಡಿಯುವುದು ಅದರಲ್ಲೇ. ಮೊನ್ನೆ ಮೊಮ್ಮಗಳು ಗಿಳಿಗಳನ್ನು ಸವರುತ್ತಾ, “ಅಜ್ಜೀ, ನಂಗೂ ಇಂಥ ಹಳೇ ಕಾಲದ ಕುರ್ಚಿ ಬೇಕು” ಅಂದಳು.

“ಬೆತ್ತದ್ದು ಕೊಡಿಸಲಾ?” ಅಂದೆ, ಆಸೆಯಿಂದ.

“ಅದು ಎಲ್ಲಾ ಅಂಗಡೀಲೂ ಸಿಗುತ್ತಲ್ಲ!”